ಹಸಿದವರ ಪಾಲಿಗೊಂದು ಸಾಲು

ಅಮೆರಿಕದಲ್ಲಿ ಹಿತ್ತಲ ತೋಟಗಳ ಬೆಳೆಯನ್ನು ಊರಿನ ಬಡವರಿಗೆ ತಲುಪಿಸುವ ಸ್ವಯಂಸೇವೆಗೆ ವ್ಯವಸ್ಥಿತ ರೂಪ ಕೊಟ್ಟ ಅಭಿಯಾನಗಳಲ್ಲಿ ‘ಪ್ಲಾಂಟ್ ಎ ರೋ ಫಾರ್ ದಿ ಹಂಗ್ರಿ’, ಎಂದರೆ ಹಸಿದವರಿಗಾಗಿ ಒಂದು ಸಾಲು ನೆಡುವ ಯೋಜನೆ, ಪ್ರಮುಖವಾದುದು. ಅಲಾಸ್ಕಾದ ಆಂಕರೇಜ್ ನಗರದ ವಕೀಲರೂ ತೋಟಗಾರಿಕೆಯ ಅಂಕಣಕಾರರೂ ಆದ ಜೆಫ್ ಲೋವೆನ್‌ಫೆಲ್ಸ್ ಅವರು, ತೋಟದಲ್ಲಿ ಒಂದು ಸಾಲನ್ನು ಹೆಚ್ಚಾಗಿ ನೆಟ್ಟು ಅದರ ಫಸಲನ್ನು ನಿರ್ಗತಿಕರಿಗೆ ಊಟ ನೀಡುವ ಸ್ಥಳೀಯ ‘ಬೀನ್ಸ್ ಕೆಫೆ’ಗೆ ಕೊಡಬೇಕೆಂದು ತಮ್ಮ ಓದುಗರನ್ನು ಕೋರಿದ್ದೇ ಇದರ ಮೂಲ. 1995ರಲ್ಲಿ ಆರಂಭವಾದ ಈ ಕಾರ್ಯ ತೋಟಗಾರಿಕೆ ಲೇಖಕರ ಸಂಘದ ಬೆಂಬಲದಿಂದ ದೇಶದ ಇತರೆಡೆಗೂ ಹರಡಿತು.

ಈ ಫಸಲನ್ನು ಸ್ವೀಕರಿಸುವ ಆಹಾರ ಬ್ಯಾಂಕುಗಳ ಇತಿಹಾಸ 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಅವರು ಸ್ಥಾಪಿಸಿದ ಸೇಂಟ್ ಮೇರೀಸ್ ಆಹಾರ ಬ್ಯಾಂಕಿನಿಂದ ತೊಡಗುತ್ತದೆ. ದಾನವಾಗಿ ಬಂದ ಆಹಾರವನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ ಹಂಚಿಕೆಗೆ ಕಳುಹಿಸುವ ಉಗ್ರಾಣವೇ ಆಹಾರ ಬ್ಯಾಂಕ್; ಅಲ್ಲಿಂದ ಪಡೆದು ಕುಟುಂಬಗಳ ಕೈಗೆ ನೇರವಾಗಿ ಕೊಡುವ, ಹೆಚ್ಚಾಗಿ ಚರ್ಚುಗಳಲ್ಲೋ ಸಮುದಾಯ ಭವನಗಳಲ್ಲೋ ನಡೆಯುವ ಕೇಂದ್ರಗಳಿಗೆ ಫುಡ್ ಪ್ಯಾಂಟ್ರಿ ಎಂದು ಹೆಸರು. ಡಬ್ಬಿಯಲ್ಲಿ ಮುಚ್ಚಿದ ಆಹಾರ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಪ್ಯಾಂಟ್ರಿಗಳು ಬಹುಕಾಲ ಅದನ್ನೇ ನೆಚ್ಚಿಕೊಂಡಿದ್ದವು; ಸೊಪ್ಪು, ಟೊಮೆಟೊ, ಬೀನ್ಸ್‌ಗಳಾದರೋ ಶೀತಲೀಕರಣವಿಲ್ಲದೆ ಬೇಗ ಬಾಡುವುದರಿಂದ ಬಡವರ ತಟ್ಟೆಗೆ ಬರುವುದೇ ವಿರಳವಾಗಿತ್ತು.

ಇತ್ತ ತೋಟಗಳಲ್ಲಿ ಟೊಮೆಟೊ, ಜುಕಿನಿಗಳು ಬೇಸಿಗೆಯ ಕೆಲವೇ ವಾರಗಳಲ್ಲಿ ಒಟ್ಟಿಗೆ ಮಾಗಿ ಮನೆಯವರು ತಿಂದು ಮುಗಿಸಲಾಗದಷ್ಟು ಫಲ ಕೊಡುತ್ತಿದ್ದರೂ, ಹತ್ತಿರದ ಪ್ಯಾಂಟ್ರಿ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂಬುದು ಬೆಳೆಗಾರರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ನ್ಯೂ ಜೆರ್ಸಿಯ ಸಮುದಾಯ ತೋಟವೊಂದರ ನಿರ್ದೇಶಕರಾಗಿದ್ದ ಗ್ಯಾರಿ ಓಪನ್‌ಹೈಮರ್ ಅವರು 2009ರಲ್ಲಿ ‘ಆಂಪಲ್ ಹಾರ್ವೆಸ್ಟ್’ ಸಂಸ್ಥೆಯನ್ನು ಆರಂಭಿಸಿ, ಈ ಮಾಹಿತಿಯನ್ನು ಎಲ್ಲರಿಗೂ ಸಿಗುವಂತೆ ಪಟ್ಟಿ ಮಾಡಿದರು. ವಿತರಣೆಯ ದಿನ ಬೆಳಗ್ಗೆ ಕೊಯ್ದ ತರಕಾರಿಯನ್ನು ನೇರವಾಗಿ ಪ್ಯಾಂಟ್ರಿಗೆ ಒಯ್ದರೆ ಅದು ಅಂದೇ ಕುಟುಂಬಗಳಿಗೆ ಸೇರುವುದರಿಂದ, ದೀರ್ಘಕಾಲ ತಂಪಾಗಿ ಕಾಪಿಡುವ ಸಮಸ್ಯೆಯೂ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಕೊಟ್ಟ ಆಹಾರದಿಂದ ಯಾರಿಗಾದರೂ ತೊಂದರೆಯಾದರೆ ಮೊಕದ್ದಮೆ ಎದುರಿಸಬೇಕಾದೀತೆಂಬ ಅಂಜಿಕೆಯನ್ನು ಕಾನೂನೂ ಕಡಿಮೆ ಮಾಡಿದೆ. ಸಂಸತ್ ಸದಸ್ಯರಾಗಿದ್ದ ಬಿಲ್ ಎಮರ್ಸನ್ ಅವರ ಹೆಸರಿನ 1996ರ ಕಾಯ್ದೆಯು, ಲಾಭರಹಿತ ಸಂಸ್ಥೆಗಳಿಗೆ ಸದ್ಭಾವನೆಯಿಂದ ಆಹಾರ ನೀಡಿದವರಿಗೆ ಹೊಣೆಗಾರಿಕೆಯಿಂದ ರಕ್ಷಣೆ ಒದಗಿಸುತ್ತದೆ. ಘೋರ ನಿರ್ಲಕ್ಷ್ಯಕ್ಕೂ ಉದ್ದೇಶಪೂರ್ವಕ ದುರ್ನಡತೆಗೂ ಮಾತ್ರ ಈ ರಕ್ಷಣೆಯಿಲ್ಲ.

ಹಸಿವಿನ ಬೇರು ಬಡತನದಲ್ಲಿರುವುದರಿಂದ ಹಿತ್ತಲ ತೋಟಗಳಷ್ಟೇ ಅದನ್ನು ನೀಗಿಸಲಾರವು. ಆದರೂ ಉಳಿದದ್ದನ್ನು ಕೊಡುವುದಕ್ಕೂ, ಬಿತ್ತುವಾಗಲೇ ಇನ್ನೊಬ್ಬರ ಪಾಲನ್ನು ಎತ್ತಿಡುವುದಕ್ಕೂ ಬಹಳ ಅಂತರವಿದೆ; ಪಡೆಯುವವರನ್ನು ತೋಟದ ಲೆಕ್ಕದಲ್ಲಿ ಮೊದಲಿನಿಂದಲೂ ಸೇರಿಸಿಕೊಳ್ಳುವ ಈ ಎರಡನೆಯ ರೀತಿಯೇ ದಾನಕ್ಕೆ ಘನತೆ ತರುವಂಥದ್ದು, ಮಣ್ಣಿರುವ ಎಲ್ಲ ಊರುಗಳೂ ಅನುಸರಿಸಲು ತಕ್ಕದ್ದು.