ತೊಟ್ಟಿಲ ಕೂಸಿಗೂ ಸಕ್ಕರೆ ಕಾಯಿಲೆ: ನಿಮಗಿದು ಗೊತ್ತೇ?

ಸಕ್ಕರೆ ಕಾಯಿಲೆ ಎಂದೊಡನೆ ಕಣ್ಣ ಮುಂದೆ ಬರುವುದು ವಾಕಿಂಗ್ ಹೊರಟ ಅಜ್ಜ, ಸಕ್ಕರೆ ಹಾಕದ ಚಹಾ. ಹೆಸರಿಡುವ ಮೊದಲೇ ಕೂಸಿಗೆ ಅದು ಬರಬಹುದೆಂದರೆ ಎಷ್ಟೋ ಮಂದಿ ನಂಬುವುದಿಲ್ಲ. ದೊಡ್ಡಾಸ್ಪತ್ರೆ ದೂರವಿರುವ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡದ ಮನೆಗಳಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

◆ ನವಜಾತ ಮಧುಮೇಹ ತೀರಾ ಅಪರೂಪ. ಸುಮಾರು ಒಂದರಿಂದ ನಾಲ್ಕು ಲಕ್ಷ ಕೂಸುಗಳಲ್ಲಿ ಒಂದಕ್ಕೆ ಬರುತ್ತದೆ. ಜೋಯಿಡಾ ತಾಲೂಕಿನ ಒಟ್ಟು ಜನಸಂಖ್ಯೆಯೇ ಒಂದು ಲಕ್ಷ ಮುಟ್ಟುವುದಿಲ್ಲ. ಹಾಗಾಗಿ ಊರಿನ ವೈದ್ಯರು ಇಡೀ ವೃತ್ತಿಯಲ್ಲಿ ಇಂಥ ಒಂದು ಕೂಸನ್ನೂ ನೋಡದೇ ಇರಬಹುದು. ಕಾಯಿಲೆ ಕೈತಪ್ಪಿ ಹೋಗುವುದೂ ಇದರಿಂದಲೇ.

◆ ಮೊದಲ ಸುಳಿವು ಕೊಡುವುದು ಕೆಲವೊಮ್ಮೆ ಇರುವೆ! ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಕೂಸು ಮಲಗಿದ ಕೌದಿ ಮತ್ತೆ ಮತ್ತೆ ಒದ್ದೆಯಾಗಿ, ಒಣಗಿದ ಮೇಲೆ ಅಂಟಂಟಾಗಿ, ಅದಕ್ಕೆ ಇರುವೆ ಮುತ್ತಿದರೆ ಅಲಕ್ಷ್ಯ ಮಾಡಬೇಡಿ. ಮಧುಮೇಹಿಯ ಮೂತ್ರಕ್ಕೆ ಇರುವೆ ಬರುವುದನ್ನು ನಮ್ಮ ಹಳೆಯ ಆಯುರ್ವೇದವೂ ಗಮನಿಸಿತ್ತು.

◆ ಎದೆಹಾಲು ಚೆನ್ನಾಗಿ ಕುಡಿದೂ ತೂಕ ಇಳಿಯುವುದು, ಬಾಯಿ ಒಣಗುವುದು, ನೆತ್ತಿ ಕುಳಿ ಬೀಳುವುದು, ಉಸಿರು ಜೋರಾಗುವುದು ಉಳಿದ ಲಕ್ಷಣಗಳು. ಇದನ್ನು ನಂಜು ಅಥವಾ ವಾಂತಿಭೇದಿ ಎಂದುಕೊಳ್ಳುವುದು ಸುಲಭ. ವ್ಯತ್ಯಾಸವೊಂದಿದೆ: ಬೇರೆ ಕಾರಣಕ್ಕೆ ನೀರಿನಂಶ ಬತ್ತಿದ ಕೂಸಿನ ಮೂತ್ರ ಕಡಿಮೆಯಾಗುತ್ತದೆ, ಈ ಕೂಸು ಮಾತ್ರ ಧಾರಾಳವಾಗಿ ಮೂತ್ರ ಮಾಡುತ್ತಲೇ ಇರುತ್ತದೆ.

◆ ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಕೂಸಿಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಹೊಟ್ಟೆಯೊಳಗಿನ ಕೂಸು ತನ್ನ ಇನ್ಸುಲಿನ್ನನ್ನು ತಾನೇ ತಯಾರಿಸಿಕೊಳ್ಳಬೇಕು. ಗರ್ಭದಲ್ಲಿ ಅದೇ ಬೆಳವಣಿಗೆಯ ಗೊಬ್ಬರ. ಅದಕ್ಕೇ ನವಜಾತ ಮಧುಮೇಹದ ಕೂಸುಗಳು ಸಾಮಾನ್ಯವಾಗಿ ಹುಟ್ಟುವಾಗಲೇ ಸಣಕಲು.

◆ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಕೂಸಿನ ಕಥೆ ತದ್ವಿರುದ್ಧ. ತಾಯಿಯಿಂದ ಹರಿದುಬರುವ ಸಕ್ಕರೆಗೆ ಸರಿಸಾಟಿಯಾಗಿ ಕೂಸು ಇನ್ಸುಲಿನ್ ಸುರಿಸಿ ದಷ್ಟಪುಷ್ಟವಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆ ನಿಂತುಹೋಗುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ಕೂಸಿನ ಸಕ್ಕರೆ ಕುಸಿಯುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡುವುದೇ ಇದಕ್ಕೆ ಮೊದಲ ಮದ್ದು.

◆ ಕೂಸಿನ ಸಕ್ಕರೆ ಏರಿದ್ದೆಲ್ಲ ಮಧುಮೇಹವಲ್ಲ. ದಿನ ತುಂಬುವ ಮೊದಲೇ ಹುಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಗುವ ಕೂಸುಗಳಲ್ಲಿ ಇದು ಆಗಾಗ ಕಾಣುತ್ತದೆ. ಗ್ಲೂಕೋಸ್ ಡ್ರಿಪ್, ಸೋಂಕು, ಸ್ಟಿರಾಯ್ಡ್ ಇದಕ್ಕೆ ಕಾರಣ. ಡ್ರಿಪ್ ಹೊಂದಿಸಿ, ಸೋಂಕಿಗೆ ಔಷಧ ಕೊಟ್ಟರೆ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

◆ ಸಕ್ಕರೆ ಅಥವಾ ಬೆಲ್ಲ ಮುಟ್ಟಿದ ಕೈಯಲ್ಲೇ ಕೂಸಿನ ಹಿಮ್ಮಡಿ ಹಿಡಿದು ರಕ್ತ ತೆಗೆದರೆ ಗ್ಲುಕೋಮೀಟರ್ ಸುಳ್ಳು ಹೇಳುತ್ತದೆ! ಹಿಮ್ಮಡಿಯನ್ನೂ ಕೈಯನ್ನೂ ತೊಳೆದು ಒರೆಸಿ ಇನ್ನೊಮ್ಮೆ ನೋಡಬೇಕು. ದೊಡ್ಡವರಿಗೆ ಮಾಡುವ ಮೂರು ತಿಂಗಳ ಸರಾಸರಿಯ ಪರೀಕ್ಷೆಯೂ ಎಳೆಗೂಸಿಗೆ ಹೊಂದುವುದಿಲ್ಲ, ಅದರ ಮೈಯಲ್ಲಿ ಇನ್ನೂ ಗರ್ಭದ ಕಾಲದ ಹಿಮೋಗ್ಲೋಬಿನ್ ಇರುತ್ತದೆ.

◆ ಆರು ತಿಂಗಳೊಳಗೆ ಬಂದ ಮಧುಮೇಹಕ್ಕೆ ಬಹುಪಾಲು ಒಂದೇ ಒಂದು ವಂಶವಾಹಿಯ ದೋಷ ಕಾರಣ. ಬಾಣಂತಿ ತಿಂದ ಸಿಹಿಯಾಗಲಿ, ಯಾರದೋ ದೃಷ್ಟಿಯಾಗಲಿ ಅಲ್ಲ. ತಂದೆತಾಯಿ ಇಬ್ಬರೂ ಆರೋಗ್ಯವಾಗಿದ್ದರೂ ಕೂಸಿನಲ್ಲಿ ಈ ದೋಷ ಹೊಸದಾಗಿ ಹುಟ್ಟಬಹುದು. ರಕ್ತಸಂಬಂಧದ ಮದುವೆಗಳಲ್ಲಿ ಇದರ ಕೆಲವು ವಿರಳ ಬಗೆಗಳ ಸಂಭವ ಹೆಚ್ಚು.

◆ ಸೂಪಾ ಅಣೆಕಟ್ಟಿನ ಗೇಟು ತೆರೆದೇ ಉಳಿಯಿತು ಎಂದುಕೊಳ್ಳಿ. ನೀರು ನಿಲ್ಲದು, ಟರ್ಬೈನ್ ತಿರುಗದು, ಕರೆಂಟು ಬಾರದು. ಕೂಸಿನ ಮೇದೋಜೀರಕದಲ್ಲೂ ಹೀಗೇ ಆಗುತ್ತದೆ. ಅಲ್ಲಿನ ಜೀವಕೋಶದ ಪೊಟ್ಯಾಸಿಯಂ ಬಾಗಿಲು ಮುಚ್ಚಿಕೊಂಡರಷ್ಟೇ ಇನ್ಸುಲಿನ್ ಹೊರಬರುತ್ತದೆ. ಕೆಸಿಎನ್‌ಜೆ11 ವಂಶವಾಹಿ ಕೆಟ್ಟರೆ ಬಾಗಿಲು ಮುಚ್ಚುವುದೇ ಇಲ್ಲ. ಇನ್ಸುಲಿನ್ ಒಳಗೇ ಇದೆ, ಹೊರಗೆ ಬರುತ್ತಿಲ್ಲ. ಇದು ಗೊತ್ತಾದದ್ದು 2004ರಲ್ಲಿ.

◆ ಆ ಬಾಗಿಲು ಮುಚ್ಚುವ ಮದ್ದು ಔಷಧದಂಗಡಿಯಲ್ಲಿ ಹಿಂದಿನಿಂದಲೂ ಇತ್ತು! ದೊಡ್ಡವರ ಮಧುಮೇಹಕ್ಕೆ ಕೊಡುವ ಗ್ಲೈಬೆನ್‌ಕ್ಲಮೈಡ್ ಎಂಬ ಅಗ್ಗದ ಮಾತ್ರೆ ಅದು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದೋಷವಿದ್ದ 49 ಮಂದಿಯ ಪೈಕಿ 44 ಮಂದಿ ಈ ಗುಂಪಿನ ಮಾತ್ರೆ ಹಿಡಿದು ಇನ್ಸುಲಿನ್ ಸೂಜಿ ಬಿಟ್ಟರು. ಆದರೆ ಎಲ್ಲ ಬಗೆಯ ದೋಷಕ್ಕೂ ಇದು ನಾಟುವುದಿಲ್ಲ, ವೈದ್ಯರ ಕಣ್ಗಾವಲಿಲ್ಲದೆ ಕೊಡುವಂತೆಯೂ ಇಲ್ಲ.

◆ ಈ ಗುಂಪಿನ ಔಷಧಗಳ ಗುಣ ಬೆಳಕಿಗೆ ಬಂದದ್ದು ಆಕಸ್ಮಿಕ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ವೈದ್ಯ ಮಾರ್ಸೆಲ್ ಜಾನ್‌ಬೋನ್ ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧ ಕೊಟ್ಟು ನೋಡಿದಾಗ ಅವರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಿತು.

◆ ಸುಮಾರು ಅರ್ಧದಷ್ಟು ಕೂಸುಗಳಲ್ಲಿ ನವಜಾತ ಮಧುಮೇಹ ಕೆಲವು ತಿಂಗಳಲ್ಲಿ ತಾನಾಗಿ ಮಾಯವಾಗುತ್ತದೆ. ಆದರೆ ಹರೆಯದಲ್ಲಿ ಮತ್ತೆ ಬಾಗಿಲು ತಟ್ಟಬಹುದು. ಹಳೆಯ ಆಸ್ಪತ್ರೆ ಚೀಟಿಯನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ.

◆ ನಮ್ಮಲ್ಲಿ ಇನ್ಸುಲಿನ್ ಬಾಟಲಿಯಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್. ಅಂದರೆ ಒಂದು ಯೂನಿಟ್ ಹೆಚ್ಚುಕಡಿಮೆ ಅರ್ಧ ಹನಿ. ಎರಡು ಕಿಲೋ ಕೂಸಿಗೆ ದಿನವಿಡೀ ಬೇಕಾಗುವುದು ಒಂದೆರಡು ಯೂನಿಟ್ ಇರಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಅದನ್ನು ತೆಳುಮಾಡಿ ಕೊಡುತ್ತಾರೆ.

◆ ಹಳೆಯ ಸೂಪಾ ಊರನ್ನು ಮುಳುಗಿಸಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು 100 ಮೆಗಾವಾಟ್ ವಿದ್ಯುತ್ ಕೊಡುತ್ತದೆ. ಆದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕಾಡಿನ ಮನೆಯ ಫ್ರಿಜ್ ಬರೀ ಕಪಾಟು. ಆಗ ಒದ್ದೆ ಮಣ್ಣಿನ ಮಡಕೆಯೇ ಇನ್ಸುಲಿನ್ನಿಗೆ ಆಸರೆ. ಬಾಟಲಿಗೆ ನೀರು ತಾಗದಂತೆ ಡಬ್ಬಿಯಲ್ಲಿಟ್ಟು ನೆರಳಲ್ಲಿರಿಸಿದರೆ ಬಿಸಿಯಿಂದ ಕಾಪಾಡಬಹುದು.

◆ ಗರ್ಭಿಣಿಯ ಸಕ್ಕರೆ ನೋಡಲು ಉಪವಾಸವಿದ್ದು ಬರಬೇಕಿಲ್ಲ. ರಾಷ್ಟ್ರೀಯ ಮಾರ್ಗಸೂಚಿಯಂತೆ 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ಮೇಲೆ ಒಂದೇ ಸಲ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. ಬಸ್ಸಿಗಾಗಿ ಮೈಲಿಗಟ್ಟಲೆ ನಡೆದು ಬರುವವಳಿಗೆ ಇದು ದೊಡ್ಡ ಅನುಕೂಲ.

◆ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಕೂಸುಗಳನ್ನು ಹುಡುಕಿಕೊಂಡು ಹೋದರು. ಹುಟ್ಟುವಾಗ ಗಿಡ್ಡವಾಗಿ ಗುಂಡಗಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡಿತು. 1998ರಲ್ಲಿ ಇದು ಪ್ರಕಟವಾಯಿತು. ದಾದಿಯರ ಅಚ್ಚುಕಟ್ಟು ಬರಹ ಅರ್ಧ ಶತಮಾನದ ಮೇಲೆ ವಿಜ್ಞಾನವಾಯಿತು!

◆ ಹೆರಿಗೆಯಾಗಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಕೂಸನ್ನು ನೋಡಬೇಕೆಂಬ ನಿಯಮವಿದೆ. ಮೊದಲ ವಾರ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಬೇಕು. ಮರಳದಿದ್ದರೆ "ಕೌದಿ ಎಷ್ಟು ಸಲ ಒದ್ದೆಯಾಗ್ತದವ್ವಾ?" ಎಂದು ಕೇಳಿ, ಸಕ್ಕರೆ ನೋಡಿಸುವುದು ಒಳ್ಳೆಯದು.

◆ ಚಿಕಿತ್ಸೆಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಕಾರವಾರಕ್ಕೋ ಹೋಗಬೇಕಾಗುತ್ತದೆ, ನಿಜ. ಆದರೆ ಯಾವ ವಂಶವಾಹಿ ಕೆಟ್ಟಿದೆ ಎಂದು ತಿಳಿಯಲು ಅಷ್ಟು ದೂರವೂ ಹೋಗಬೇಕಿಲ್ಲ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನಲ್ಲಿ ಈ ಪರೀಕ್ಷೆ ನಡೆಯುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ ಹಲವು ದೇಶಗಳ ಕೂಸುಗಳಿಗೆ ಇದನ್ನು ಉಚಿತವಾಗಿ ಮಾಡಿಕೊಟ್ಟಿದೆ. ಅಲ್ಲಿಗೆ ಪ್ರಯಾಣ ಮಾಡುವುದು ಸಣ್ಣ ಕೊಳವೆಯಲ್ಲಿನ ರಕ್ತ. ಕೂಸು ತಾಯಿಯ ಮಡಿಲಲ್ಲೇ ಇರಬಹುದು.