ಭಾಟ್ ಗ್ರಾಮದ ‘ಆದಿತ್ಯ’

ಮೇ ತಿಂಗಳ ಮಧ್ಯಾಹ್ನ ಬೀದರ್ ಜಿಲ್ಲೆಯ ಔರಾದ್‌ನಲ್ಲಿ ಹೊರಗೆ ಕಾಲಿಟ್ಟವರಿಗೆ ಸೂರ್ಯನ ಬಲವನ್ನು ಯಾರೂ ವಿವರಿಸಬೇಕಿಲ್ಲ. ಆ ಬಿಸಿಲಿನ ಮೂಲ ಬೈಜಿಕ ಸಮ್ಮಿಲನ, ಅಂದರೆ ಹಗುರ ಪರಮಾಣುಗಳ ಬೀಜಗಳು ಬೆಸೆದುಕೊಳ್ಳುವ ಕ್ರಿಯೆ. ಅದನ್ನು ಯಂತ್ರದೊಳಗೆ ಪಳಗಿಸಲು ದುಡಿಯುತ್ತಿರುವ ಸಂಸ್ಥೆ ನಮ್ಮ ದೇಶದಲ್ಲೇ ಇದೆ: ಗುಜರಾತಿನ ಗಾಂಧಿನಗರದ ಬಳಿ, ಭಾಟ್ ಗ್ರಾಮದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ. ಇಸ್ರೊದಷ್ಟು ಇದು ಮನೆಮಾತಾಗಿಲ್ಲ; ಆಗಬೇಕಿತ್ತು.

1982ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಒಂದು ಯೋಜನೆಯಾಗಿ ಶುರುವಾದ ಕೆಲಸ 1986ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಸ್ಥಾಪಕ ನಿರ್ದೇಶಕರು ಪ್ರೆಧಿಮನ್ ಕೃಷ್ಣ ಕಾವ್. ದೇಶದಲ್ಲೇ ವಿನ್ಯಾಸಗೊಳಿಸಿ ಕಟ್ಟಿದ ಮೊದಲ ಟೋಕಮಾಕ್ ‘ಆದಿತ್ಯ’ 1989ರಲ್ಲಿ ಚಾಲೂ ಆಯಿತು.

ಟೋಕಮಾಕ್ ಸೋವಿಯತ್ ವಿಜ್ಞಾನಿಗಳಾದ ಇಗೋರ್ ಟಾಮ್ ಮತ್ತು ಆಂದ್ರೆ ಸಖರೋವ್ ಅವರ ಕಲ್ಪನೆಯಿಂದ ಬಂದದ್ದು. ಉದ್ದಿನ ವಡೆಯಂತೆ ನಡುವೆ ತೂತಿರುವ ಉಕ್ಕಿನ ಪಾತ್ರೆ. ಸುತ್ತ ವಿದ್ಯುತ್ ಸುರುಳಿಗಳು. ಮೊದಲು ಪಂಪುಗಳು ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತವೆ. ಆಮೇಲೆ ಚೂರೇ ಚೂರು ಹೈಡ್ರೋಜನ್ ಬಿಟ್ಟು ಅದರೊಳಗೆ ಭಾರಿ ವಿದ್ಯುತ್ ಪ್ರವಾಹ ಹರಿಸಿದರೆ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು ಅದು ಪ್ಲಾಸ್ಮಾ ಆಗುತ್ತದೆ. ಅದು ಗೋಡೆಗೆ ತಾಗದಂತೆ ತಡೆದು ನಿಲ್ಲಿಸುವುದು ಕಾಂತಕ್ಷೇತ್ರ. ಕಿಟಕಿಯಲ್ಲಿ ಇಣುಕುವ ಕ್ಯಾಮೆರಾಕ್ಕೆ ಕಾಣುವುದು ಅಂಚಿನ ಗುಲಾಬಿ ಹೊಳಪು ಮಾತ್ರ. ನಡುಭಾಗ ಎಷ್ಟು ಬಿಸಿಯೆಂದರೆ ಅಲ್ಲಿ ಕಣ್ಣಿಗೆ ಕಾಣುವ ಬೆಳಕೇ ಬಹುಮಟ್ಟಿಗೆ ಇಲ್ಲ. ಆದಿತ್ಯದಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆ ಕ್ಷಣದ ಅಳತೆಗಳನ್ನು ಬಿಡಿಸಿ ಓದುವುದೇ ವಿಜ್ಞಾನಿಗಳ ನಿತ್ಯದ ಕೆಲಸ.

2013ರಲ್ಲಿ ಇಲ್ಲೇ ಅತಿವಾಹಕ ಸುರುಳಿಗಳ ಟೋಕಮಾಕ್ ಎಸ್‌ಎಸ್‌ಟಿ-1 ಸಜ್ಜಾಯಿತು. 2016ರಲ್ಲಿ ‘ಆದಿತ್ಯ’ ಹೊಸ ರೂಪ ಪಡೆಯಿತು. ಈ ಅನುಭವ ನಮ್ಮನ್ನು ಫ್ರಾನ್ಸಿನ ಕಾಡರಾಶ್‌ವರೆಗೆ ಕೊಂಡೊಯ್ದಿದೆ. ಅಲ್ಲಿ ಭಾರತವೂ ಸೇರಿದಂತೆ ಏಳು ಸದಸ್ಯರು ಕಟ್ಟುತ್ತಿರುವ ಐಟರ್ ಎಂಬ ಸಮ್ಮಿಲನ ಯಂತ್ರದ ಹೊರಕವಚವಾದ ಕ್ರಯೋಸ್ಟಾಟ್ ಭಾರತದ ಕೊಡುಗೆ. ತೂಕ 3,850 ಟನ್. ಸೂರತ್ ಬಳಿಯ ಹಜೀರಾದಲ್ಲಿ ಎಲ್ ಅಂಡ್ ಟಿ ಅದನ್ನು 54 ತುಂಡುಗಳಲ್ಲಿ ತಯಾರಿಸಿತು. ಈ ವೆಲ್ಡಿಂಗ್, ನಿರ್ವಾತ, ಅತಿಶೀತದ ಕೌಶಲವೇ ದೊಡ್ಡ ಸಂಪಾದನೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮ್ಮಿಲನದ ವಿದ್ಯುತ್ ನಾಳೆಯೇ ಮನೆಗೆ ಬರುವುದಿಲ್ಲ. 500 ಮೆಗಾವಾಟ್ ಸಮ್ಮಿಲನ ಶಕ್ತಿಯ ಗುರಿ ಇಟ್ಟುಕೊಂಡ ಐಟರ್ ಕೂಡ ಪ್ರಯೋಗ ಯಂತ್ರವೇ ಹೊರತು ವಿದ್ಯುತ್ ಸ್ಥಾವರವಲ್ಲ.

ಸಮ್ಮಿಲನಕ್ಕೆ ಇಂಧನವಾಗಿ ಬೇಕಾದ ಟ್ರಿಟಿಯಂ ಎಂಬ ಭಾರ ಹೈಡ್ರೋಜನ್ನನ್ನು ಲಿಥಿಯಂನಿಂದ ತಯಾರಿಸಬೇಕು. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ನಿಕ್ಷೇಪವನ್ನು ಪರಮಾಣು ಇಂಧನ ಇಲಾಖೆಯೇ ಅಂದಾಜಿಸಿದೆ.

ಎಂ.ಎಸ್ಸಿ. ಭೌತವಿಜ್ಞಾನ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಭಾಟ್ ಗ್ರಾಮದ ಈ ಸಂಸ್ಥೆ ಬೇಸಿಗೆ ತರಬೇತಿ ನಡೆಸುತ್ತದೆ, ಪಿಎಚ್.ಡಿ.ಗೂ ಸೇರಿಸಿಕೊಳ್ಳುತ್ತದೆ. ಬೀದರ್, ಭಾಲ್ಕಿ, ಔರಾದ್‌ನ ಅಧ್ಯಾಪಕರು ಇವುಗಳ ಪ್ರಕಟಣೆ ಬಂದ ದಿನವೇ ಅದನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಆಸಕ್ತಿ ಇರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಲಿ.