ಹಿಮಕರಡಿಯ ಬಾಣಂತನ

ಭೂಮಂಡಲದ ಉತ್ತರ ತುದಿಯಲ್ಲಿ ಆರ್ಕ್‌ಟಿಕ್ ಮಹಾಸಾಗರವಿದೆ. ಚಳಿಗಾಲ ಬಂತೆಂದರೆ ಅದರ ಬಹುಭಾಗ ಹೆಪ್ಪುಗಟ್ಟಿ, ಕಣ್ಣು ಹಾಯುವವರೆಗೂ ಬೆಳ್ಳನೆಯ ಬಯಲಾಗುತ್ತದೆ. ಧ್ರುವಕ್ಕೆ ಸಮೀಪವಾದ ಎಡೆಗಳಲ್ಲಿ ಆಗ ವಾರಗಟ್ಟಲೆ ಸೂರ್ಯನೇ ಮೂಡುವುದಿಲ್ಲ. ಇಂತಹ ಕತ್ತಲೆಯಲ್ಲಿ, ಇಂತಹ ಕೊರೆಯುವ ಚಳಿಯಲ್ಲಿ ಹಿಮಕರಡಿಯ ಮರಿಗಳು ಹುಟ್ಟುತ್ತವೆ. ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ. ಮೈಮೇಲೆ ತೆಳುವಾದ ಕೂದಲು ಮಾತ್ರ. ತೂಕ ಸುಮಾರು ೬೦೦ ಗ್ರಾಂ. ಮುನ್ನೂರು ಕಿಲೋಗ್ರಾಂ ತೂಗುವ ತಾಯಿಗೆ ಇಷ್ಟು ಪುಟ್ಟ ಕೂಸು! ಬಯಲ ಗಾಳಿಗೆ ಒಡ್ಡಿದರೆ ಅದು ಬದುಕಲಾರದು. ಆದರೂ ಹಿಮಕರಡಿಗಳ ಸಂತತಿ ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿಕೊಂಡು ಬಂದಿದೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಅರಿಯಬೇಕಾದರೆ ತಾಯಿ ನಡೆಸುವ ಸಿದ್ಧತೆಯನ್ನು ಮೊದಲು ನೋಡಬೇಕು.

ಗಂಡು ಹೆಣ್ಣುಗಳು ಕೂಡುವುದು ವಸಂತಕಾಲದಲ್ಲಿ. ಆದರೆ ಭ್ರೂಣ ಒಡನೆಯೇ ಬೆಳೆಯತೊಡಗುವುದಿಲ್ಲ. ಶರತ್ಕಾಲದವರೆಗೆ ಸುಪ್ತವಾಗಿ ಉಳಿಯುತ್ತದೆ. ಈ ನಡುವೆ ಹೆಣ್ಣುಕರಡಿ ಮಂಜುಗಡ್ಡೆಯ ಮೇಲೆ ಸೀಲ್ ಪ್ರಾಣಿಗಳನ್ನು ಬೇಟೆಯಾಡಿ ಮೈಯಲ್ಲಿ ಕೊಬ್ಬನ್ನು ಕೂಡಿಹಾಕುತ್ತದೆ. ಒಳ್ಳೆಯ ಬೇಟೆ ದೊರೆತ ವರ್ಷ ಅದರ ತೂಕ ೨೦೦ ಕಿಲೋಗ್ರಾಂನಷ್ಟು ಹೆಚ್ಚುವುದುಂಟು. ಸಾಕಷ್ಟು ಕೊಬ್ಬು ಕೂಡದೆ ಹೋದರೆ ಗರ್ಭ ಮುಂದುವರಿಯುವುದಿಲ್ಲ. ಮರಿಗಳ ಅಳಿವು ಉಳಿವು ಅವು ಹುಟ್ಟುವ ಮೊದಲೇ ತಾಯಿಯ ಬೇಟೆಯನ್ನು ನೆಚ್ಚಿಕೊಂಡಿರುತ್ತದೆ.

ಅಕ್ಟೋಬರ್ ಇಲ್ಲವೇ ನವೆಂಬರ್ ತಿಂಗಳಲ್ಲಿ ಗರ್ಭಿಣಿ ಕರಡಿ ಇಳಿಜಾರಿನಲ್ಲಿ ರಾಶಿಬಿದ್ದ ಹಿಮವನ್ನು ತೋಡಿ ಗವಿ ಮಾಡಿಕೊಳ್ಳುತ್ತದೆ. ಕಿರಿದಾದ ಸುರಂಗದ ಕೊನೆಯಲ್ಲಿ, ಹೊರಳಲು ಎಡೆಯಿರುವ ಒಂದು ಕೋಣೆ. ಇಷ್ಟೇ ಅದರ ಮನೆ. ಬೀಳುವ ಹಿಮವೇ ಬಾಗಿಲನ್ನು ಮುಚ್ಚುತ್ತದೆ. ಹಿಮದ ಕಣಗಳ ನಡುವೆ ಸೆರೆಯಾದ ಗಾಳಿ ಒಳಗಿನ ಶಾಖವನ್ನು ಹೊರಬಿಡದು. ತಾಯಿಯ ಮೈಬಿಸಿಯಿಂದ ಗವಿಯ ಒಳಗು ಹೊರಗಿಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬಲ್ಲದು. ರಷ್ಯಾದ ರಾಂಗೆಲ್ ದ್ವೀಪದಲ್ಲಿ ಇಂತಹ ಗವಿಗಳು ಹೇರಳ.

ಚಳಿಗಾಲದಲ್ಲಿ ಸಾಮಾನ್ಯವಾಗಿ ಅವಳಿ ಮರಿಗಳು ಹುಟ್ಟುತ್ತವೆ. ತಾಯಿ ಅವುಗಳನ್ನು ಎದೆಗವಚಿಕೊಂಡು ಹಾಲೂಡುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು ನಾಲ್ಕು ಪಾಲು. ಹಿಮಕರಡಿಯ ಹಾಲಿನಲ್ಲಿ ಮೂವತ್ತು ಪಾಲಿಗೂ ಹೆಚ್ಚು. ಮನುಷ್ಯರಲ್ಲಿ ಬಾಣಂತಿಗೆ ಪಥ್ಯವುಂಟು, ಉಪವಾಸವಿಲ್ಲ. ಹಿಮಕರಡಿಗಾದರೋ ಬಾಣಂತನವೆಂದರೆ ಉಪವಾಸವೇ. ಗವಿಯೊಳಗೆ ಅದು ಏನನ್ನೂ ತಿನ್ನುವುದಿಲ್ಲ. ಕೂಡಿಹಾಕಿದ ಕೊಬ್ಬನ್ನು ಕರಗಿಸಿ ಹಾಲಾಗಿಸುತ್ತದೆ. ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಬೇಸಗೆಯಲ್ಲೇ ಮಂಜುಗಡ್ಡೆ ಕರಗಿಹೋಗುವುದರಿಂದ, ಅಲ್ಲಿಯ ತಾಯಿಕರಡಿಯ ಉಪವಾಸ ಎಂಟು ತಿಂಗಳವರೆಗೂ ಬೆಳೆಯುತ್ತದೆ.

ಮಾರ್ಚ್–ಏಪ್ರಿಲ್ ವೇಳೆಗೆ ಮರಿಗಳು ಹತ್ತು ಕಿಲೋಗ್ರಾಂ ಮೀರಿ ತೂಗುತ್ತವೆ. ಆಗ ತಾಯಿ ಬಾಗಿಲೊಡೆದು ಹೊರಬರುತ್ತದೆ. ಹಸಿವು ಎಷ್ಟಿದ್ದರೂ ಅದು ಕೂಡಲೇ ಕಡಲಿನತ್ತ ಓಡುವುದಿಲ್ಲ. ಮರಿಗಳು ಹೊರಗಿನ ಚಳಿಗೆ ಒಗ್ಗುವವರೆಗೆ, ಅವುಗಳ ಕಾಲುಗಳು ಬಲಿಯುವವರೆಗೆ, ಹಲವು ದಿನ ಗವಿಯ ಬಳಿಯಲ್ಲೇ ಕಾದಿರುತ್ತದೆ. ಅನಂತರ ಪಯಣ ಮೊದಲಾಗುತ್ತದೆ. ದಾರಿಯಲ್ಲಿ ಆಗಾಗ ನಿಂತು ಹಾಲೂಡುತ್ತದೆ. ಹಿಮ ಆಳವಾಗಿದ್ದೆಡೆ ಮರಿಗಳನ್ನು ಬೆನ್ನಮೇಲೆ ಹೊತ್ತು ನಡೆಯುವುದೂ ಉಂಟು.

ಮಂಜುಗಡ್ಡೆಯ ಮೇಲೆ ಬೇಟೆಯೂ ಇದೆ, ಅಪಾಯವೂ ಇದೆ. ತೋಳಗಳು ಮರಿಗಳನ್ನು ಕೊಲ್ಲುವುದುಂಟು. ಸ್ವಜಾತಿಯ ಗಂಡುಕರಡಿಗಳೇ ಕೆಲವೊಮ್ಮೆ ಅವುಗಳ ಮೇಲೆರಗುತ್ತವೆ. ಗಾಳಿಯಲ್ಲಿ ಗಂಡಿನ ವಾಸನೆ ಬಂದೊಡನೆ ತಾಯಿ ಮರಿಗಳೊಡನೆ ದೂರ ಸರಿಯುತ್ತದೆ. ಬೇಟೆ ಹೇರಳವಾಗಿದ್ದರೂ ಗಂಡುಗಳು ಸೇರುವ ಜಾಗವನ್ನು ಬಿಟ್ಟು ನಡೆಯುತ್ತದೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಾಗ, ತನಗಿಂತ ಎರಡರಷ್ಟು ತೂಕದ ಗಂಡನ್ನೂ ಎದುರಿಸಿ ನಿಲ್ಲುತ್ತದೆ. ಸೀಲ್ ಉಸಿರಾಡಲು ತಲೆಯೆತ್ತುವ ರಂಧ್ರದ ಬಳಿ ಅಲುಗಾಡದೆ ಕಾಯುವ ವಿದ್ಯೆಯನ್ನು ಮರಿಗಳು ತಾಯಿಯನ್ನು ನೋಡಿಯೇ ಕಲಿಯುತ್ತವೆ. ಈ ಶಿಕ್ಷಣ ಸುಮಾರು ಎರಡೂವರೆ ವರ್ಷ ನಡೆಯುತ್ತದೆ. ಇಷ್ಟೆಲ್ಲ ಕಾಪಿಟ್ಟರೂ ಅನೇಕ ಮರಿಗಳು ಮೊದಲ ವರ್ಷವನ್ನು ದಾಟುವುದಿಲ್ಲ.

ಮನುಷ್ಯನ ಬಂದೂಕೂ ಒಂದು ಕಾಲಕ್ಕೆ ದೊಡ್ಡ ಅಪಾಯವಾಗಿತ್ತು. ೧೯೭೩ರಲ್ಲಿ ಕೆನಡಾ, ಡೆನ್ಮಾರ್ಕ್, ನಾರ್ವೆ, ಅಮೆರಿಕ ಮತ್ತು ಅಂದಿನ ಸೋವಿಯತ್ ಒಕ್ಕೂಟಗಳು ಹಿಮಕರಡಿಗಳ ರಕ್ಷಣೆಗಾಗಿ ಒಪ್ಪಂದ ಮಾಡಿಕೊಂಡವು. ಬೇಟೆಗೆ ಕಟ್ಟುಪಾಡು ಬಿತ್ತು. ಆದರೆ ಇಂದಿನ ಅಪಾಯ ಬೇರೆ ಬಗೆಯದು. ಕಲ್ಲಿದ್ದಲು, ಪೆಟ್ರೋಲಿಯಂಗಳ ಹೊಗೆಯಿಂದ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಭೂಮಿ ಬಿಸಿಯೇರುತ್ತಿದೆ. ಹಡ್ಸನ್ ಕೊಲ್ಲಿಯ ಮಂಜುಗಡ್ಡೆ ಹಿಂದಿಗಿಂತ ಬೇಗ ಕರಗಿ, ತಡವಾಗಿ ಹೆಪ್ಪುಗಟ್ಟುತ್ತಿದೆ. ಬೇಟೆಯ ದಿನಗಳು ಕಡಮೆಯಾದಷ್ಟೂ ತಾಯಿಯ ಕೊಬ್ಬು ಕಡಮೆ. ಕೊಬ್ಬು ಕಡಮೆಯಾದಷ್ಟೂ ಹಾಲು ಕಡಮೆ. ಆ ಕೊಲ್ಲಿಯ ಪಶ್ಚಿಮ ತೀರದಲ್ಲಿ ೨೦೧೬ರಲ್ಲಿ ೮೪೨ ಎಂದು ಅಂದಾಜು ಮಾಡಿದ್ದ ಕರಡಿಗಳು ೨೦೨೧ರ ಅಂದಾಜಿನಲ್ಲಿ ೬೧೮ಕ್ಕೆ ಇಳಿದಿದ್ದವು.

ಚಳಿಗೆ ಗವಿ, ಹಸಿವಿಗೆ ಹಾಲು, ಹಗೆಗೆ ಪಂಜ — ಪ್ರಕೃತಿ ತಾಯಿಕರಡಿಗೆ ಒಂದೊಂದು ಅಪಾಯಕ್ಕೆ ಒಂದೊಂದು ಉಪಾಯವನ್ನು ಕೊಟ್ಟಿದೆ. ಕಾಲಕೆಳಗಿನ ಮಂಜುಗಡ್ಡೆಯೇ ಕರಗತೊಡಗಿದರೆ ಅದರ ಬಳಿ ಉಪಾಯವಿಲ್ಲ. ಆ ಅಪಾಯವನ್ನು ತಂದವನು ಮನುಷ್ಯ. ಅದನ್ನು ತಡೆಯುವ ಹೊಣೆಯೂ ಅವನದೇ.